ಬೊಜ್ಜು ಕರಗುತ್ತಿದೆಯೇ? ತೂಕದ ಯಂತ್ರದ ಆಚೆಗಿನ ಅಳತೆಗಳ ಹೋಲಿಕೆ

ಬೊಜ್ಜು ಇಳಿಸಲು ಹೊರಟವರಲ್ಲಿ ಬಹುತೇಕರು ತಮ್ಮ ಪ್ರಯತ್ನದ ಸೋಲು ಗೆಲುವನ್ನು ಒಂದೇ ಒಂದು ಸಂಖ್ಯೆಯ ತೀರ್ಮಾನಕ್ಕೆ ಬಿಟ್ಟುಬಿಡುತ್ತಾರೆ. ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತಾಗ ಆ ಸಂಖ್ಯೆ ಇಳಿದಿದ್ದರೆ ದಿನವೆಲ್ಲ ಹುರುಪಿರುತ್ತದೆ, ಏರಿದ್ದರೆ ಅಂದಿನ ನಡಿಗೆಯೂ ನಿಂತುಹೋಗುತ್ತದೆ. ಆದರೆ ಯಂತ್ರ ತೂಗುವುದು ಮೂಳೆ, ಸ್ನಾಯು, ರಕ್ತ, ನೀರು, ಕರುಳಿನಲ್ಲಿರುವ ಆಹಾರ, ಕೊಬ್ಬು ಇವೆಲ್ಲದರ ಒಟ್ಟು ಭಾರವನ್ನು. ಕಾಳು, ಜಳ್ಳು, ಕಲ್ಲು ಎಲ್ಲ ಕೂಡಿದ ಭತ್ತದ ಚೀಲವನ್ನು ಇಡಿಯಾಗಿ ತೂಗಿದರೆ ಒಳಗೆ ಗಟ್ಟಿ ಕಾಳು ಎಷ್ಟಿದೆ ಎಂಬುದು ಹೇಗೆ ತಿಳಿಯುವುದಿಲ್ಲವೋ, ಹಾಗೆಯೇ ಇಳಿದ ಎರಡು ಕಿಲೋದಲ್ಲಿ ಕೊಬ್ಬೆಷ್ಟು, ನೀರೆಷ್ಟು, ಸ್ನಾಯುವೆಷ್ಟು ಎಂಬುದನ್ನು ಅದು ಹೇಳಲಾರದು. ಹಾಗಾದರೆ ಇನ್ಯಾವುದನ್ನು ಅಳೆಯಬೇಕು, ಯಾವ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬೇಕು, ಯಾವುದಕ್ಕೆ ಹಣ ಕೊಡುವುದು ಸಾರ್ಥಕ ಎಂಬುದನ್ನು ಇಲ್ಲಿ ಒಂದೊಂದಾಗಿ ಹೋಲಿಸಿ ನೋಡೋಣ.

ಮೊದಲು ತೂಕದ ಏರಿಳಿತದ ಕಾರಣವನ್ನು ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಅದನ್ನರಿಯದೆ ಎದೆಗುಂದಿದವರು ಬಹಳ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು 400ರಿಂದ 500 ಗ್ರಾಂ ಪಿಷ್ಟ ಸಂಗ್ರಹವಾಗಿರುತ್ತದೆ. ಅದರ ಪ್ರತಿ ಗ್ರಾಮಿನ ಜೊತೆಗೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಅನ್ನ, ಮುದ್ದೆ, ಚಪಾತಿಯನ್ನು ಒಮ್ಮೆಲೇ ಕಡಿಮೆ ಮಾಡಿದ ಮೊದಲ ವಾರದಲ್ಲಿ ಈ ಸಂಗ್ರಹವೂ ಅದರ ನೀರೂ ಖಾಲಿಯಾಗಿ ಒಂದೂವರೆ ಎರಡು ಕಿಲೋ ಇಳಿದಂತೆ ಕಾಣುತ್ತದೆ. ಏಕಾದಶಿಯ ಉಪವಾಸದ ಮರುದಿನ ಕಾಣುವ ಇಳಿಕೆಯೂ ಬಹುಮಟ್ಟಿಗೆ ಇದೇ. ಮದುವೆಯ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಹೋಳಿಗೆ ಎಲ್ಲವನ್ನೂ ತಿಂದು ಬಂದ ಮರುದಿನ ಒಂದು ಕಿಲೋ ಏರಿದ್ದರೆ ಅದೂ ಉಪ್ಪು ಹಿಡಿದಿಟ್ಟ ನೀರು, ಮತ್ತೆ ತುಂಬಿಕೊಂಡ ಗ್ಲೈಕೋಜನ್. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಅಡಗಿರುತ್ತದೆ. ದಿನದ ಅಗತ್ಯವನ್ನು ಮೀರಿ ಅಷ್ಟನ್ನು ಒಂದೇ ರಾತ್ರಿಯಲ್ಲಿ ಉಣ್ಣುವುದು ಯಾರಿಂದಲೂ ಆಗದು. ಮುಟ್ಟಿನ ಮುಂಚಿನ ದಿನಗಳಲ್ಲಿ ಹೆಂಗಸರ ಮೈಯಲ್ಲಿ ನೀರು ನಿಂತು ತೂಕ ಏರುವುದು ಸಹಜ. ಆದ್ದರಿಂದ ಅವರು ಮುಟ್ಟಿನ ಚಕ್ರದ ಕೊನೆಯ ವಾರದ ತೂಕವನ್ನು ಅದರ ಹಿಂದಿನ ವಾರಗಳದ್ದರೊಡನೆ ಹೋಲಿಸುವುದಕ್ಕಿಂತ, ಹಿಂದಿನ ಚಕ್ರದ ಅದೇ ದಿನದ ತೂಕದೊಡನೆ ಹೋಲಿಸುವುದು ನ್ಯಾಯವಾದ ಕ್ರಮ.

ಇಷ್ಟು ಹೇಳಿದ ಮಾತ್ರಕ್ಕೆ ಯಂತ್ರವನ್ನು ಎಸೆಯಬೇಕಾಗಿಲ್ಲ. ವಾರಕ್ಕೊಮ್ಮೆ, ಪ್ರತಿ ವಾರವೂ ಅದೇ ದಿನ, ಬೆಳಿಗ್ಗೆ ಶೌಚದ ನಂತರ, ಏನನ್ನೂ ತಿನ್ನುವ ಮೊದಲು ತೂಗಿ ಬರೆದಿಟ್ಟು, ನಾಲ್ಕಾರು ವಾರಗಳಲ್ಲಿ ಅದು ಸಾಗುವ ದಿಕ್ಕನ್ನು ಗಮನಿಸುವವರಿಗೆ ಅದು ಉಪಯುಕ್ತವೇ. ದಿನವೂ ತೂಗಿದರೆ ಮನಸ್ಸು ಕದಡುವವರು ಹಾಗೆ ಮಾಡಬಾರದು. ಊಟದ ಬಗ್ಗೆ ಅತಿಯಾದ ಭಯವೋ, ತಿಂದದ್ದನ್ನು ಕಕ್ಕುವ ಅಭ್ಯಾಸವೋ ಇರುವವರು ಇಲ್ಲಿ ಹೇಳುವ ಯಾವ ಅಳತೆಯನ್ನೂ ತಾವಾಗಿ ಆರಂಭಿಸದೆ ವೈದ್ಯರನ್ನು ಕಾಣಬೇಕು.

ನಮ್ಮ ಮೈಕಟ್ಟಿನ ವಿಶೇಷ

ತೂಕ ಮತ್ತು ಎತ್ತರದಿಂದ ಲೆಕ್ಕ ಹಾಕುವ ಬಿಎಂಐ ಭಾರತೀಯರ ವಿಷಯದಲ್ಲಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಅಚ್ಚಾದ ಒಂದು ಪುಟ್ಟ ಬರಹಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಇಬ್ಬರೂ ತಮ್ಮನ್ನೇ ಅಳೆದುಕೊಂಡರು. ಇಬ್ಬರ ಬಿಎಂಐ ಒಂದೇ ಆಗಿತ್ತು, 22.3. ಆದರೆ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬಿನ ಪಾಲು ಶೇ 9.1 ಇದ್ದರೆ ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2 ಇತ್ತು. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ಹೆಚ್ಚಿರುವ, ಆ ಕೊಬ್ಬೂ ಹೊಟ್ಟೆಯ ಸುತ್ತಲೇ ಕೂಡಿರುವ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಡುವಯಸ್ಸಿನವರನ್ನು ನಾವು ದಿನವೂ ಕಾಣುತ್ತೇವೆ. ಅವರಲ್ಲಿ ಅನೇಕರ ಬಿಎಂಐ ಗಾಬರಿಪಡುವಂತಿರುವುದಿಲ್ಲ.

ಇದೇ ಕಾರಣದಿಂದ ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು ಎಂದು 2009ರಲ್ಲಿ ನಮ್ಮ ತಜ್ಞರು ಗೆರೆಯನ್ನು ಕೆಳಗಿಳಿಸಿದರು. ಐಸಿಎಂಆರ್‌-ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಅಧ್ಯಯನದ 2023ರ ವರದಿಯ ಪ್ರಕಾರ ದೇಶದಲ್ಲಿ ಬಿಎಂಐ ಲೆಕ್ಕದ ಬೊಜ್ಜು ಶೇ 28.6 ವಯಸ್ಕರಲ್ಲಿದ್ದರೆ, ಹೊಟ್ಟೆಯ ಸುತ್ತಳತೆಯ ಲೆಕ್ಕದ ಬೊಜ್ಜು ಶೇ 39.5 ಜನರಲ್ಲಿದೆ. ಅಂದರೆ ಗೆರೆಯನ್ನು ಕೆಳಗಿಳಿಸಿದ ಮೇಲೂ, ತೂಕವೊಂದನ್ನೇ ನೋಡಿದರೆ ಕಣ್ಣಿಗೆ ಬೀಳದೆ ಉಳಿಯುವವರು ಕೋಟಿಗಟ್ಟಲೆ.

ಇನ್ನೊಂದು ಅಧ್ಯಯನವೂ ಇಲ್ಲಿ ನೆನೆಯಬೇಕಾದದ್ದು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ನಾಲ್ಕು ಗುಂಪು ಮಾಡಿ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವ ಸಂಭವ ಶೇ 28.5ರಷ್ಟು ತಗ್ಗಿತು, ಅದೂ ಸರಾಸರಿ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೇ. ಯಂತ್ರವನ್ನೇ ನಂಬಿದ್ದರೆ ಆ ಗುಂಪಿನ ಬಹಳ ಮಂದಿ ತಮ್ಮ ಶ್ರಮ ವ್ಯರ್ಥವೆಂದು ಕೈಬಿಡುತ್ತಿದ್ದರೇನೋ.

ಟೇಪು: ಅಗ್ಗ, ಸರಳ, ಮೊದಲ ಆಯ್ಕೆ

ದರ್ಜಿಯ ಬಳಿ ಇರುವಂಥ ಅಳತೆ ಟೇಪನ್ನು ನಾನು ಉಳಿದೆಲ್ಲ ಸಾಧನಗಳಿಗಿಂತ ಮೇಲೆ ಇಡುತ್ತೇನೆ. ಹೊಟ್ಟೆಯೊಳಗೆ, ಯಕೃತ್ತು ಮತ್ತು ಕರುಳಿನ ಸುತ್ತ ಕೂಡುವ ಕೊಬ್ಬೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ಹೆಚ್ಚು ಹತ್ತಿರದ ನಂಟುಳ್ಳದ್ದು; ಅದನ್ನು ಮನೆಯಲ್ಲೇ ಅಂದಾಜು ಮಾಡಲು ಹೊಟ್ಟೆಯ ಸುತ್ತಳತೆಗಿಂತ ನೇರವಾದ ದಾರಿ ಇಲ್ಲ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಂಬುದು ಎಚ್ಚರಿಕೆಯ ಗೆರೆ. ಅಂಗುಲದಲ್ಲಿ ಹೇಳುವುದಾದರೆ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ಇದು ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಾದ ಜ್ಞಾನವೇನಲ್ಲ. ಮೂವತ್ತು ದಾಟಿದವರ ಆರೋಗ್ಯ ವಿಚಾರಿಸಲು ಆಶಾ ಕಾರ್ಯಕರ್ತೆಯರು ಮನೆಗೆ ತರುವ ನಮೂನೆಯಲ್ಲಿ ಸೊಂಟದ ಸುತ್ತಳತೆಗೂ ಅಂಕಗಳಿವೆ.

ಆದರೆ ಟೇಪು ನಿಜ ಹೇಳಬೇಕಾದರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಸುತ್ತಬೇಕು. ಪಕ್ಕಕ್ಕೆ ಕೈಯಿಟ್ಟು ಕೊನೆಯ ಪಕ್ಕೆಲುಬಿನ ಕೆಳ ಅಂಚನ್ನೂ ಸೊಂಟದ ಮೂಳೆಯ ಮೇಲಿನ ಅಂಚನ್ನೂ ಬೆರಳಿನಿಂದ ಹುಡುಕಿ, ಎರಡರ ನಡುಮಧ್ಯದಲ್ಲಿ, ಬಟ್ಟೆಯ ಮೇಲಲ್ಲದೆ ಮೈಮೇಲೆಯೇ, ನೆಲಕ್ಕೆ ಸಮಾನಾಂತರವಾಗಿ ಟೇಪು ಹಿಡಿಯಬೇಕು. ಕಾಲುಗಳನ್ನು ಸ್ವಲ್ಪ ಅಗಲಿಸಿ ನೆಟ್ಟಗೆ ನಿಂತು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಟೇಪು ಚರ್ಮಕ್ಕೆ ತಾಗಿರಬೇಕೇ ಹೊರತು ಒತ್ತಬಾರದು. ಎರಡು ಸಲ ಅಳೆದು, ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮತ್ತೊಮ್ಮೆ ಅಳೆಯಬೇಕು. ಸೀರೆ ಉಡುವವರು ಒಳಲಂಗದ ಲಾಡಿ ಬಿದ್ದ ಗುರುತನ್ನೇ ಅಳತೆಯ ಗೆರೆಯೆಂದು ಹಿಡಿಯಬಾರದು, ಅದು ದಿನಕ್ಕೊಂದು ಎತ್ತರದಲ್ಲಿರುತ್ತದೆ. ಗಂಡಸರು ಪ್ಯಾಂಟಿನ ಸೈಜನ್ನೇ ಹೊಟ್ಟೆಯ ಸುತ್ತಳತೆ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು: ಹೊಟ್ಟೆ ಬೆಳೆದಂತೆ ಪ್ಯಾಂಟು ಅದರ ಕೆಳಗೆ ಜಾರುತ್ತ ಹೋಗುವುದರಿಂದ, ಹತ್ತು ವರ್ಷ 34ರ ಪ್ಯಾಂಟನ್ನೇ ತೊಡುತ್ತ ಹೊಟ್ಟೆಯನ್ನು ನಾಲ್ಕು ಅಂಗುಲ ಬೆಳೆಸಿಕೊಂಡವರಿದ್ದಾರೆ. ಹಳೆಯ ಬಟ್ಟೆ ಟೇಪು ಎಳೆದೆಳೆದು ಉದ್ದವಾಗಿರುತ್ತದೆ. ಎಳೆತಕ್ಕೆ ಜಗ್ಗದ ಫೈಬರ್ ಟೇಪು ಲೇಸು.

ಹದಿನೈದು ದಿನಕ್ಕೊಮ್ಮೆ ಅಳೆದರೆ ಸಾಕು. ಸರಾಸರಿಯಾಗಿ ಒಂದು ಕಿಲೋ ತೂಕ ಇಳಿದರೆ ಸುತ್ತಳತೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ, ಆದ್ದರಿಂದ ವಾರದೊಳಗೆ ಕಾಣುವ ಅರ್ಧ ಸೆಂಟಿಮೀಟರಿನ ಏರಿಳಿತ ಟೇಪು ಹಿಡಿದ ಕೈಯದ್ದಾಗಿರಬಹುದು. ಎರಡು ಸೆಂಟಿಮೀಟರಿಗೂ ಹೆಚ್ಚಿನ ಬದಲಾವಣೆ ಎರಡು ಅಳತೆಗಳಲ್ಲಿ ಸತತವಾಗಿ ಕಂಡರೆ ಅದನ್ನು ನಿಜವೆಂದು ನಂಬಬಹುದು. ಹೊಟ್ಟೆಯುಬ್ಬರ, ಮಲಬದ್ಧತೆ ಇರುವ ದಿನ ಅಳೆಯಬಾರದು. ಗರ್ಭಿಣಿಯರಿಗೆ ಈ ಅಳತೆ ಅನ್ವಯಿಸುವುದೇ ಇಲ್ಲ.

ಇದೇ ಟೇಪಿನಿಂದ ಇನ್ನೆರಡು ಲೆಕ್ಕಗಳು ಸಿಗುತ್ತವೆ. ಹೊಟ್ಟೆಯ ಸುತ್ತಳತೆಯನ್ನು ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ 0.5ಕ್ಕಿಂತ ಕಡಿಮೆ ಇರಬೇಕು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಇದನ್ನು ಜನಸಾಮಾನ್ಯರಿಗೂ ಶಿಫಾರಸು ಮಾಡಿ, 0.5ರಿಂದ 0.59ರವರೆಗೆ ಹೆಚ್ಚಿದ ಅಪಾಯ, 0.6 ಮತ್ತು ಮೇಲೆ ತೀವ್ರ ಅಪಾಯ ಎಂದು ಹೇಳಿದೆ. 150 ಸೆಂಟಿಮೀಟರ್ ಎತ್ತರದ ಹೆಂಗಸಿನ ಸುತ್ತಳತೆ 78 ಇದ್ದರೆ 80ರ ಗೆರೆಯ ಪ್ರಕಾರ ಆಕೆ ಸುರಕ್ಷಿತ, ಎತ್ತರದ ಲೆಕ್ಕದಲ್ಲಿ 0.52 ಬಂದು ಎಚ್ಚರಿಕೆಯ ಸಾಲಿಗೆ ಸೇರುತ್ತಾಳೆ. ಕುಳ್ಳಗಿರುವವರಿಗೆ ಈ ಲೆಕ್ಕವೇ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ಇನ್ನೊಂದು, ಸುತ್ತಳತೆಯನ್ನು ನಿತಂಬದ ಅಳತೆಯಿಂದ ಭಾಗಿಸುವುದು. ಬೊಜ್ಜಿನ ಅಪಾಯವನ್ನು ಗುರುತಿಸಲು ಅದು ಒಳ್ಳೆಯದೇ, ಆದರೆ ಪ್ರಗತಿಯನ್ನು ನೋಡಲು ಅಷ್ಟು ಹಿತವಲ್ಲ. ಹೊಟ್ಟೆ ಮತ್ತು ನಿತಂಬ ಎರಡೂ ಒಟ್ಟಿಗೆ ಇಳಿದರೆ ಭಾಗಲಬ್ಧ ಇದ್ದಲ್ಲೇ ಇರುತ್ತದೆ.

ಬಟ್ಟೆ, ಫೋಟೊ, ಕನ್ನಡಿ

ಎರಡು ವರ್ಷದ ಹಿಂದೆ ಹೊಲಿಸಿದ ಬ್ಲೌಸಿನ ಹುಕ್ಕು ಈಗ ಸಲೀಸಾಗಿ ಬೀಳುತ್ತಿದೆ, ಬೆಲ್ಟಿನಲ್ಲಿ ಒಂದು ತೂತು ಒಳಗೆ ಬಂದಿದೆ ಎಂಬುದು ಸಂಖ್ಯೆಗಿಂತ ಹೆಚ್ಚು ಸಂತೋಷ ಕೊಡುವ ಸಂಗತಿ, ಮತ್ತು ಅದು ಸುಳ್ಳೂ ಅಲ್ಲ. ಇದಕ್ಕಾಗಿ ಹಿಗ್ಗದ ಬಟ್ಟೆಯ ಒಂದೇ ಉಡುಪನ್ನು ಆರಿಸಿ, ಅದನ್ನು ಬಿಡಿಸಿ ಹೊಲಿಸದೆ ತಿಂಗಳಿಗೊಮ್ಮೆ ತೊಟ್ಟು ನೋಡಬೇಕು. ಸೀರೆ, ಪಂಚೆ, ಲಾಡಿಯ ಪೈಜಾಮ, ಎಲಾಸ್ಟಿಕ್ಕಿನ ನೈಟ್‌ಪ್ಯಾಂಟು ಇವು ಯಾವ ಮೈಗೂ ಹೊಂದಿಕೊಳ್ಳುವುದರಿಂದ ಏನನ್ನೂ ಹೇಳುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವವರಲ್ಲಿ ಹೊಟ್ಟೆ ಸದ್ದಿಲ್ಲದೆ ಬೆಳೆಯಲು ಇದೂ ಒಂದು ಕಾರಣ.

ಫೋಟೊ ತೆಗೆಯುವವರು ತಿಂಗಳಿಗೊಮ್ಮೆ ಅದೇ ಗೋಡೆ, ಅದೇ ಬೆಳಕು, ಅದೇ ಉಡುಪಿನಲ್ಲಿ ಮುಂದಿನಿಂದಲೂ ಪಕ್ಕದಿಂದಲೂ ತೆಗೆದು ತಮ್ಮ ಫೋನಿನಲ್ಲಿಯೇ ಬೀಗ ಹಾಕಿಟ್ಟುಕೊಳ್ಳಬೇಕು. ದಿನವೂ ಕನ್ನಡಿ ನೋಡಿಕೊಳ್ಳುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣದು, ಮೂರು ತಿಂಗಳ ಅಂತರದ ಎರಡು ಚಿತ್ರಗಳಲ್ಲಿ ಕಂಡೀತು.

ಕನ್ನಡಿಯಲ್ಲಿ ನೋಡಬೇಕಾದ ಇನ್ನೊಂದು ಗುರುತಿದೆ. ಕತ್ತಿನ ಹಿಂಭಾಗ ಮತ್ತು ಕಂಕುಳಿನಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗುವ ಚರ್ಮವನ್ನು ಕೊಳೆಯೆಂದು ತಿಳಿದು ಮಕ್ಕಳನ್ನು ಕಡಲೆಹಿಟ್ಟು ಹಚ್ಚಿ ಉಜ್ಜುವ ತಾಯಂದಿರಿದ್ದಾರೆ. ಅದು ಬಹುಪಾಲು ಸಂದರ್ಭಗಳಲ್ಲಿ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು. ಬೊಜ್ಜು ಕರಗಿದಂತೆ ಆ ಕಪ್ಪು ತಿಂಗಳುಗಟ್ಟಲೆ ಕಾಲದಲ್ಲಿ ನಿಧಾನವಾಗಿ ತಿಳಿಯಾಗುತ್ತದೆ. ಪಿಸಿಒಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇರುವ ಹುಡುಗಿಯರಲ್ಲಿ ತೂಕ ಶೇ 5ರಷ್ಟು ಇಳಿದಾಗಲೇ ಕೆಲವರಿಗೆ ಮುಟ್ಟು ಕ್ರಮಕ್ಕೆ ಬರತೊಡಗುತ್ತದೆ. ಇಂಥ ಬದಲಾವಣೆಗಳನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳುವುದು ಯಾವ ಯಂತ್ರದ ಸಂಖ್ಯೆಗೂ ಕಡಿಮೆಯದಲ್ಲ.

ಕೊಬ್ಬಿನ ಪಾಲನ್ನು ಹೇಳುವ ಯಂತ್ರಗಳು

ಇಲ್ಲಿ ಹಣ ಹೆಚ್ಚು ಖರ್ಚಾಗುತ್ತದೆ, ಗೊಂದಲವೂ ಹೆಚ್ಚು. ಅಂಗಡಿಗಳಲ್ಲಿ ‘ಸ್ಮಾರ್ಟ್’ ಎಂದು ಮಾರುವ ತೂಕದ ಯಂತ್ರಗಳೂ ಜಿಮ್ಮುಗಳಲ್ಲಿ ಹಿಡಿಕೆ ಹಿಡಿದು ನಿಲ್ಲಿಸುವ ದೊಡ್ಡ ಯಂತ್ರಗಳೂ ಒಂದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಮೈಗೆ ಗೊತ್ತಾಗದಷ್ಟು ಸಣ್ಣ ವಿದ್ಯುತ್ತನ್ನು ಹರಿಸಿ ಅದಕ್ಕೆ ಎದುರಾಗುವ ತಡೆಯನ್ನು ಅಳೆಯುತ್ತವೆ. ನೀರು ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಆ ತಡೆಗೆ ನಿಮ್ಮ ವಯಸ್ಸು, ಎತ್ತರ, ಲಿಂಗವನ್ನು ಕೂಡಿಸಿ ಒಂದು ಸೂತ್ರದ ಮೂಲಕ ಕೊಬ್ಬಿನ ಪಾಲನ್ನು ಅಂದಾಜು ಮಾಡುತ್ತವೆ. ಹೀಗಾಗಿ ನೀರು ಕುಡಿದ ಮೇಲೆ, ಬೆವರಿದ ಮೇಲೆ, ಊಟದ ಮೇಲೆ, ಮುಟ್ಟಿನ ದಿನಗಳಲ್ಲಿ ಸಂಖ್ಯೆ ಬೇರೆ ಬೇರೆ ಬರುತ್ತದೆ. ಪಾದ ಮಾತ್ರ ಇಡುವ ಮನೆಯ ಯಂತ್ರದಲ್ಲಿ ವಿದ್ಯುತ್ತು ಮುಖ್ಯವಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಹರಿಯುವುದರಿಂದ ಹೊಟ್ಟೆಯ ವಿಷಯ ಅದಕ್ಕೆ ತಿಳಿಯುವುದು ಇನ್ನೂ ಕಡಿಮೆ. ಜಿಮ್ಮಿನ ಯಂತ್ರದಲ್ಲಿ ಕೈಗೂ ಸಂಪರ್ಕವಿರುವುದರಿಂದ ಸ್ವಲ್ಪ ಮೇಲು. ಆದರೂ ಅದು ಮುದ್ರಿಸಿ ಕೊಡುವ ಬಣ್ಣದ ಹಾಳೆಯಲ್ಲಿರುವ ‘ಒಳಹೊಟ್ಟೆಯ ಕೊಬ್ಬಿನ ಮಟ್ಟ’ ನೇರವಾಗಿ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಆ ಹಾಳೆಯನ್ನು ಮುಂದಿಟ್ಟು ಯಾರಾದರೂ ಪುಡಿ ಡಬ್ಬಿ ಮಾರಲು ಬಂದರೆ ಇದನ್ನು ನೆನಪಿಡಬೇಕು.

ಹಾಗೆಂದು ಇವು ನಿರುಪಯೋಗಿಯಲ್ಲ. ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ, ಬರಿಹೊಟ್ಟೆಯಲ್ಲಿ ತಿಂಗಳಿಗೊಮ್ಮೆ ನೋಡಿ, ಬಂದ ಸಂಖ್ಯೆಯನ್ನು ನಂಬದೆ ಅದು ಸಾಗುವ ದಿಕ್ಕನ್ನು ಮಾತ್ರ ಗಮನಿಸುವವರಿಗೆ ಅಡ್ಡಿಯಿಲ್ಲ. ಎರಡು ಬೇರೆ ಯಂತ್ರಗಳ ಸಂಖ್ಯೆಗಳನ್ನು ಎಂದೂ ಹೋಲಿಸಬಾರದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಇವನ್ನು ಬಳಸಲೇಬಾರದು. ಗರ್ಭಿಣಿಯರೂ ದೂರವಿರುವುದು ಒಳಿತು.

ಚರ್ಮವನ್ನು ಚಿವುಟಿ ಹಿಡಿದು ಮಡಿಕೆಯ ದಪ್ಪ ಅಳೆಯುವ ಕ್ಯಾಲಿಪರ್ ಅಗ್ಗವಾದರೂ ಕೈ ಪಳಗಿದವರಿಗೆ ಮಾತ್ರ. ಪ್ರತಿ ಸಲವೂ ಅದೇ ವ್ಯಕ್ತಿ ಅದೇ ಜಾಗದಲ್ಲಿ ಅಳೆಯಬೇಕು, ಮತ್ತು ಹೊಟ್ಟೆಯೊಳಗಿನ ಕೊಬ್ಬನ್ನು ಯಾರೂ ಚಿವುಟಿ ಹಿಡಿಯಲಾರರು. ಆಟಗಾರರಿಗೂ ಅವರ ತರಬೇತುದಾರರಿಗೂ ಇದನ್ನು ಬಿಟ್ಟುಬಿಡುವುದು ಸೂಕ್ತ.

ಡೆಕ್ಸಾ ಸ್ಕ್ಯಾನ್ ಇವೆಲ್ಲಕ್ಕಿಂತ ನಿಖರ. ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಕಿರಣಗಳನ್ನು ಹಾಯಿಸಿ ಮೂಳೆ, ಕೊಬ್ಬು ಮತ್ತು ಉಳಿದ ಮೃದು ಭಾಗವನ್ನು ಬೇರೆ ಬೇರೆಯಾಗಿ, ಕೈ ಕಾಲು ಹೊಟ್ಟೆಗೆ ಪ್ರತ್ಯೇಕವಾಗಿ ತೋರಿಸುತ್ತದೆ. ವಿಕಿರಣದ ಪ್ರಮಾಣ ಎದೆಯ ಎಕ್ಸ್‌ರೇಗಿಂತಲೂ ಕಡಿಮೆ. ನಮ್ಮಲ್ಲಿ ಹೆಚ್ಚಿನ ಕೇಂದ್ರಗಳು ಇದನ್ನು ಮೂಳೆಯ ಸಾಂದ್ರತೆ ನೋಡಲು ಬಳಸುತ್ತವೆ. ಇಡೀ ದೇಹದ ಕೊಬ್ಬು ಮತ್ತು ಸ್ನಾಯುವಿನ ವರದಿ ಬೇಕೆಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಇದು ದೊಡ್ಡ ಊರುಗಳಲ್ಲಿ ಸಿಗುವ, ಕಿಸೆಗೆ ಭಾರವಾದ ಪರೀಕ್ಷೆಯಾದ್ದರಿಂದ ಎಲ್ಲರಿಗೂ ಹೇಳುವಂಥದ್ದಲ್ಲ. ಅರವತ್ತು ದಾಟಿ ತೂಕ ಇಳಿಸುತ್ತಿರುವವರು, ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕ ಇಳಿಸುವ ಔಷಧ ತೆಗೆದುಕೊಳ್ಳುತ್ತಿರುವವರು ಆರಂಭದಲ್ಲೊಮ್ಮೆ, ಆರು ತಿಂಗಳು ಅಥವಾ ವರ್ಷದ ನಂತರ ಮತ್ತೊಮ್ಮೆ ಮಾಡಿಸಿದರೆ ಕೊಟ್ಟ ಹಣಕ್ಕೆ ಬೆಲೆಯಿದೆ. ಕಾರಣವಿಷ್ಟೆ: ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗುತ್ತದೆ, ಸಾಮಾನ್ಯ ಅಂದಾಜಿನಂತೆ ಇಳಿದ ತೂಕದ ಕಾಲುಭಾಗದಷ್ಟು, ಇಳಿಕೆ ವೇಗವಾಗಿದ್ದು ವ್ಯಾಯಾಮವಿಲ್ಲದಿದ್ದರೆ ಇನ್ನೂ ಹೆಚ್ಚು. ಮೊದಲೇ ಸ್ನಾಯು ಕಡಿಮೆಯಿರುವ ನಮ್ಮ ಮೈಗಳಿಗೆ ಅದು ಸಣ್ಣ ನಷ್ಟವಲ್ಲ.

ಕೈಕಾಲಿನ ಬಲ, ಉಸಿರಿನ ಬಲ

ಸ್ನಾಯು ಉಳಿದಿದೆಯೇ ಎಂದು ತಿಳಿಯಲು ಡೆಕ್ಸಾ ಒಂದೇ ದಾರಿಯಲ್ಲ. ಕೈಹಿಡಿ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಸಾಧ್ಯ ಎಂದು ಎಣಿಸುವುದು ವೈದ್ಯರೂ ಬಳಸುವ ಪರೀಕ್ಷೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಮಾನದಂಡದಂತೆ 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ ಎಂದರ್ಥ. ಉಳಿದ ವಯಸ್ಸಿನವರು ಯಾವ ಸಂಖ್ಯೆಯೊಂದಿಗೂ ಹೋಲಿಸಿಕೊಳ್ಳದೆ ತಮ್ಮ ಹಿಂದಿನ ತಿಂಗಳ ಎಣಿಕೆಯೊಂದಿಗೆ ಹೋಲಿಸಿಕೊಂಡರೆ ಸಾಕು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತು ಊಟ ಮಾಡಿ ಕೈಯೂರದೆ ಏಳುವುದು ನಮ್ಮ ಮನೆಗಳಲ್ಲೇ ಇದ್ದ ಪರೀಕ್ಷೆ. ಮಂಡಿನೋವು ಇರುವವರು ಮಾತ್ರ ಇವೆರಡನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು.

ಉಸಿರಿನ ಶಕ್ತಿಗೆ ಒಂದೇ ದಾರಿಯನ್ನು ಒಂದೇ ವೇಗದಲ್ಲಿ ನಡೆದು ನೋಡುವುದು, ಮನೆಯ ಅಥವಾ ಕಚೇರಿಯ ಅದೇ ಮೆಟ್ಟಿಲನ್ನು ನಿಲ್ಲದೆ ಹತ್ತಿ ನೋಡುವುದು ಸಾಕು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ. ದೊಡ್ಡ ಬಸವಣ್ಣನವರೆಗೆ ಹತ್ತುವಾಗ ಎಷ್ಟು ಕಡೆ ನಿಲ್ಲಬೇಕಾಯಿತು, ಮಾತನಾಡಲು ಉಸಿರು ಉಳಿಯಿತೇ ಎಂಬುದನ್ನು ಎರಡು ತಿಂಗಳಿಗೊಮ್ಮೆ ಬರೆದಿಟ್ಟರೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. ಬೆಳಿಗ್ಗೆ ಎಚ್ಚರವಾದೊಡನೆ ಹಾಸಿಗೆಯಲ್ಲಿಯೇ ಎಣಿಸಿದ ನಾಡಿಬಡಿತ ತಿಂಗಳಿನಿಂದ ತಿಂಗಳಿಗೆ ಇಳಿಯುತ್ತಿದ್ದರೆ ಹೃದಯ ಪಳಗುತ್ತಿದೆ ಎಂದು ತಿಳಿಯಬಹುದು. ಎದೆ ಹಿಡಿದಂತಾಗುವುದು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ನಡುವಯಸ್ಸಿನ ಸ್ಥೂಲಕಾಯದವರು ಪರೀಕ್ಷೆಯ ಹೆಸರಿನಲ್ಲಿ ಒಮ್ಮೆಲೇ ಬೆಟ್ಟ ಹತ್ತಲು ಹೋಗಬಾರದು.

ರಕ್ತ ಹೇಳುವ ಸಂಗತಿ

ತೂಕ ಇಳಿಸುವ ಉದ್ದೇಶ ಆರೋಗ್ಯವೇ ಆಗಿದ್ದರೆ ಟೇಪಿನ ಜೊತೆಗೆ ನಿಲ್ಲಬೇಕಾದದ್ದು ರಕ್ತಪರೀಕ್ಷೆ ಮತ್ತು ಬಿಪಿ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುತ್ತದೆ: 5.7ಕ್ಕಿಂತ ಕೆಳಗಿದ್ದರೆ ಸಹಜ, 5.7ರಿಂದ 6.4 ಮಧುಮೇಹದ ಅಂಚು, 6.5 ಮತ್ತು ಮೇಲೆ ಮಧುಮೇಹ. ಆದ್ದರಿಂದ ಮೂರು ತಿಂಗಳಿಗೆ ಮೊದಲೇ ಅದನ್ನು ಮತ್ತೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಈ ಸಂಖ್ಯೆ ನಿಜಕ್ಕಿಂತ ಹೆಚ್ಚು ತೋರಬಹುದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ವ್ಯಾಪಕವಾಗಿರುವುದರಿಂದ ಹಿಮೋಗ್ಲೋಬಿನನ್ನೂ ಬರಿಹೊಟ್ಟೆಯ ಸಕ್ಕರೆಯನ್ನೂ ಜೊತೆಗೇ ನೋಡಿಸುವುದು ವಿವೇಕ.

ರಕ್ತದಲ್ಲಿನ ಕೊಬ್ಬಿನ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಎಂಬ ಬಗೆಯ ಕೊಬ್ಬು 150ಕ್ಕಿಂತ ಕೆಳಗಿರಬೇಕು. ಅನ್ನ, ಸಿಹಿ, ಮದ್ಯ ಕಡಿಮೆ ಮಾಡಿದವರಲ್ಲಿ ಉಳಿದ ಸಂಖ್ಯೆಗಳಿಗಿಂತ ಮೊದಲು ಇಳಿಯುವುದು ಬಹುತೇಕ ಇದೇ. ಯಕೃತ್ತಿನಲ್ಲಿ ಕೊಬ್ಬು ತುಂಬಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ಕಂಡವರಿಗೆ ಆಶಾದಾಯಕ ಸಂಗತಿಯೊಂದಿದೆ: ತೂಕ ಶೇ 5ರಷ್ಟು ಇಳಿದರೂ ಆ ಕೊಬ್ಬು ಕಡಿಮೆಯಾಗತೊಡಗುತ್ತದೆ, ಶೇ 7ರಿಂದ 10 ಇಳಿದರೆ ಉರಿಯೂತವೂ ತಗ್ಗುವ ಸಾಧ್ಯತೆ ಇದೆ. ಎಂಬತ್ತು ಕಿಲೋ ತೂಗುವವರಿಗೆ ಶೇ 5 ಅಂದರೆ ನಾಲ್ಕೇ ಕಿಲೋ. ಕನ್ನಡಿಯಲ್ಲಿ ಅಷ್ಟಾಗಿ ಕಾಣದ ಆ ನಾಲ್ಕು ಕಿಲೋ ಯಕೃತ್ತಿಗೆ ದೊಡ್ಡದು.

ಬಿಪಿಯನ್ನು ಐದು ನಿಮಿಷ ಸುಮ್ಮನೆ ಕುಳಿತು, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು. ಸಕ್ಕರೆ ಕಾಯಿಲೆ ಅಥವಾ ಬಿಪಿಗೆ ಔಷಧ ತೆಗೆದುಕೊಳ್ಳುತ್ತಿರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಬೊಜ್ಜು ಇಳಿದಂತೆ ಹಳೆಯ ಪ್ರಮಾಣದ ಔಷಧ ಹೆಚ್ಚಾಗಿ, ಸಕ್ಕರೆ ತೀರ ಕುಸಿಯುವುದೋ ಎದ್ದು ನಿಂತಾಗ ತಲೆ ತಿರುಗುವುದೋ ಆಗಬಹುದು. ಅದನ್ನು ವೈದ್ಯರಿಗೆ ತಿಳಿಸಿ ಪ್ರಮಾಣ ಬದಲಿಸಿಕೊಳ್ಳಬೇಕೇ ಹೊರತು ತಾವಾಗಿಯೇ ಗುಳಿಗೆ ನಿಲ್ಲಿಸಬಾರದು.

ಯಾರಿಗೆ ಯಾವುದು

ಆರೋಗ್ಯವಾಗಿದ್ದು ಹೊಟ್ಟೆ ಮಾತ್ರ ಬೆಳೆದಿರುವ ಮೂವತ್ತು ನಲವತ್ತರ ವಯಸ್ಸಿನವರಿಗೆ ಹದಿನೈದು ದಿನಕ್ಕೊಮ್ಮೆ ಟೇಪು, ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಮೆಟ್ಟಿಲು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಸಾಕು. ಮಧುಮೇಹದ ಅಂಚಿನಲ್ಲಿರುವವರು ಮೂರು ತಿಂಗಳ ಎಚ್‌ಬಿಎ1ಸಿಯನ್ನು ಮುಂದಿಟ್ಟು ತೂಕವನ್ನು ಹಿಂದಿಡಲಿ. ಅರವತ್ತು ದಾಟಿದವರಿಗೆ ಕುರ್ಚಿಯ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ಅದರ ಎಣಿಕೆ ಇಳಿಯುತ್ತಿದ್ದರೆ ತೂಕ ಎಷ್ಟು ಚೆನ್ನಾಗಿ ಇಳಿಯುತ್ತಿದ್ದರೂ ನಾನು ಅದನ್ನು ಪ್ರಗತಿ ಎನ್ನಲಾರೆ. ಹೆರಿಗೆಯಾದ ತಾಯಂದಿರು ಹಾಲೂಡಿಸುವ ತಿಂಗಳುಗಳಲ್ಲಿ ಟೇಪನ್ನೂ ಯಂತ್ರವನ್ನೂ ಬದಿಗಿಟ್ಟು ಹೊಟ್ಟೆತುಂಬ ಊಟ ಮಾಡಿ, ದೇಹಕ್ಕೆ ಬಲ ಬಂದ ಮೇಲೆ ಆರಂಭಿಸಲಿ.

ಅಳತೆಗಳು ಒಂದಕ್ಕೊಂದು ಹೊಂದದಿದ್ದಾಗ ಏನು ತಿಳಿಯಬೇಕು ಎಂಬುದೇ ಕೊನೆಯ ಕಷ್ಟ. ತೂಕ ನಿಂತಲ್ಲೇ ಇದ್ದು ಸುತ್ತಳತೆ ಇಳಿಯುತ್ತಿದ್ದರೆ, ಅದರಲ್ಲೂ ಭಾರ ಎತ್ತುವ ವ್ಯಾಯಾಮ ಆರಂಭಿಸಿದವರಲ್ಲಿ, ಕೊಬ್ಬು ಹೋಗಿ ಸ್ನಾಯು ಬರುತ್ತಿದೆ ಎಂದು ನಂಬಿ ಮುಂದುವರಿಯಬಹುದು. ತೂಕ ಇಳಿದು ಸುತ್ತಳತೆ ಅಲುಗದೆ ಕೈಕಾಲಿನ ಬಲ ಕುಗ್ಗುತ್ತಿದ್ದರೆ ಊಟ ತೀರ ಕಡಿಮೆಯಾಗಿದೆ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನಿನಂಥವನ್ನು ಹೆಚ್ಚಿಸಿ ವಾರಕ್ಕೆ ಎರಡು ಮೂರು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು. ಮೂರು ತಿಂಗಳು ಪ್ರಾಮಾಣಿಕವಾಗಿ ನಡೆದುಕೊಂಡರೂ ಟೇಪು, ತೂಕ, ರಕ್ತ ಯಾವುದೂ ಬದಲಾಗದಿದ್ದರೆ ತಮ್ಮನ್ನು ತಾವು ಹಳಿದುಕೊಳ್ಳುವ ಬದಲು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಬೇರೆ ಕಾಯಿಲೆಗೆ ಸ್ಟಿರಾಯ್ಡಿನಂಥ ಔಷಧ ನಡೆಯುತ್ತಿದೆಯೇ, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುತ್ತಿದೆಯೇ ಎಂಬುದನ್ನು ವೈದ್ಯರೊಡನೆ ಕುಳಿತು ನೋಡಬೇಕು.

ಇದರ ತದ್ವಿರುದ್ಧದ ಸಂದರ್ಭ ಇನ್ನೂ ಗಂಭೀರವಾದದ್ದು. ಊಟವನ್ನೂ ನಡಿಗೆಯನ್ನೂ ಬದಲಿಸದೆಯೇ ತೂಕ ತಾನಾಗಿ ಇಳಿಯುತ್ತಿದ್ದು, ಜೊತೆಗೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಸಂಜೆಯ ಜ್ವರ, ಬಿಡದ ಕೆಮ್ಮು ಅಥವಾ ಎದೆಬಡಿತದ ಏರಿಕೆ ಇದ್ದರೆ, ಅದು ಹತೋಟಿಯಿಲ್ಲದ ಮಧುಮೇಹ, ಕ್ಷಯ ಅಥವಾ ಥೈರಾಯ್ಡಿನ ಅತಿಚಟುವಟಿಕೆಯಂಥ ಕಾಯಿಲೆಯ ಸೂಚನೆಯಾಗಿರಬಹುದು. “ಪರವಾಗಿಲ್ಲ, ಸಣ್ಣಗಾಗಿದ್ದೀರಿ” ಎಂದು ನೆಂಟರು ಮೆಚ್ಚುವ ಹೊತ್ತಿನಲ್ಲೇ ಇಂಥ ಕಾಯಿಲೆಗಳು ಬೆಳೆದುಬಿಡುತ್ತವೆ. ಅಂಥ ಇಳಿಕೆಯನ್ನು ಮುಂದಿನ ಅಳತೆಯ ದಿನದವರೆಗೆ ಕಾಯದೆ ಅದೇ ವಾರ ವೈದ್ಯರಿಗೆ ತೋರಿಸಬೇಕು.